ಬಚ್ಚಲು ಮನೆಯ ಬಿಲ್ಲು: ಹಂಡೆ ಒಲೆಯಿಂದ ಹೀಟ್ ಪಂಪ್‌ವರೆಗೆ

ಇವತ್ತಿನ ಸಂಚಿಕೆ ಸ್ನಾನದ ಬಿಸಿ ನೀರಿನ ಬಗ್ಗೆ. ಇದರಲ್ಲೇನು ಇತಿಹಾಸ ಇದೆ ಅಂತ ಅನ್ನಿಸಬಹುದು. ಇದೆ, ಅದೂ ಸಾಕಷ್ಟು ಇದೆ.

ಈಗ ಹೊಸ ಮನೆ ಕಟ್ಟಿಸೋರು ಗೀಸರ್ ಬದಲು ಹೀಟ್ ಪಂಪ್ ಹಾಕಿಸುತ್ತಿದ್ದಾರೆ. ತಾರಸಿ ಮೇಲೆ ಎಸಿಯ ಹೊರಗಿನ ಡಬ್ಬದ ಥರ ಒಂದು ಮಷೀನು, ಅದರ ಪಕ್ಕ ಒಂದು ದೊಡ್ಡ ಟ್ಯಾಂಕು. ಗೀಸರ್ ಕುಡಿಯೋ ಕರೆಂಟಿನ ಮೂರನೇ ಒಂದು ಭಾಗ ಸಾಕು ಅಂತ ಹೇಳಿ ಮಾರುತ್ತಾರೆ. ಆ ಮಾತು ಸುಳ್ಳೇನಲ್ಲ. ಆದರೂ ಗೃಹಪ್ರವೇಶ ಮುಗಿದು ಎರಡು ತಿಂಗಳಿಗೆ ಬಿಲ್ ಬಂದಾಗ ಮನೆಯವರು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಕರೆಂಟ್ ಉಳಿಸೋ ಮಷೀನು ಬಿಲ್ ಯಾಕೆ ಏರಿಸುತ್ತೆ? ಉತ್ತರ ಹುಡುಕಬೇಕಂದ್ರೆ ಮಷೀನ್ ಒಳಗೆ ನೋಡಿದರೆ ಸಾಲದು. ಬಿಸಿ ನೀರಿಗೆ ನಮ್ಮಲ್ಲಿ ಯಾರು ದುಡ್ಡು ಕೊಡುತ್ತಿದ್ದರು, ಯಾವಾಗಿಂದ ಕೊಡುತ್ತಿದ್ದಾರೆ ಅಂತಾನೂ ನೋಡಬೇಕು.

ಶುರು ಮಾಡೋಣ ಕಳಲೆಯಿಂದ. ನಂಜನಗೂಡಿನಿಂದ ಕೆಲವೇ ಕಿಲೋಮೀಟರ್ ದೂರದ ಊರು. ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಊರು. ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಮನೆತನದ ಊರು. ನನ್ನ ತಂದೆಯ ಕಡೆಯವರು ಅಲ್ಲಿನವರು. ಹಾಗಾಗಿ ಹಂಡೆ ಒಲೆ ನನಗೆ ಪುಸ್ತಕದಲ್ಲಿ ಓದಿದ್ದಲ್ಲ.

ಹಂಡೆ ಒಲೆ ನೋಡದವರಿಗೆ ಹೇಳುತ್ತೀನಿ. ಬಚ್ಚಲು ಮನೆಯ ಒಂದು ಮೂಲೆಯಲ್ಲಿ ಇಟ್ಟಿಗೆ, ಮಣ್ಣಿನಿಂದ ಕಟ್ಟಿದ ಒಲೆ. ಅದರೊಳಗೆ ತಾಮ್ರದ ಹಂಡೆಯನ್ನು ಕತ್ತಿನವರೆಗೆ ಕೂರಿಸಿರುತ್ತಾರೆ. ಕೆಳಗಿನ ಬಾಯಿಂದ ತೆಂಗಿನ ಗರಿ, ಮಟ್ಟೆ, ಸಿಪ್ಪೆ, ತೊಗರಿ ಕಡ್ಡಿ, ಕರಟ, ಏನು ಸಿಕ್ಕಿದರೂ ತುರುಕೋದು. ರಾತ್ರಿ ಕೆಂಡ ಮುಚ್ಚಿಟ್ಟರೆ ಬೆಳಿಗ್ಗೆವರೆಗೂ ನೀರು ಬೆಚ್ಚಗೆ ಇರೋದು. ದೀಪಾವಳಿಯಲ್ಲಿ ನೀರು ತುಂಬೋ ಹಬ್ಬ ಅಂತ ಒಂದು ದಿನಾನೇ ಇದೆಯಲ್ಲ, ಅದು ಈ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಸಿಂಗರಿಸಿ, ನೀರು ತುಂಬೋ ದಿನ.

ಹಂಡೆ ಒಲೆಗೆ ಖರ್ಚೇ ಇಲ್ಲ ಅಂತ ಈಗಲೂ ಜನ ಹೇಳುತ್ತಾರೆ. ರೂಪಾಯಿ ಲೆಕ್ಕದಲ್ಲಿ ನೋಡಿದರೆ ನಿಜ. ಆದರೆ ಗರಿ ತಾನಾಗಿ ನಡೆದು ಬರೋಲ್ಲ. ಆಯೋದು, ಹೊರೋದು, ಒಣಗಿಸೋದು, ಮಳೆಗಾಲಕ್ಕೆ ಅಟ್ಟದ ಮೇಲೆ ಪೇರಿಸೋದು, ಎಲ್ಲರಿಗಿಂತ ಮುಂಚೆ ಎದ್ದು ಹೊಗೆ ಕುಡಿದು ಉರಿ ಹಚ್ಚೋದು, ಇದೆಲ್ಲ ಮನೆಯ ಹೆಂಗಸರ ಕೆಲಸ. ಬಿಲ್ ಇತ್ತು. ಅದು ಕಾಗದದ ಮೇಲೆ ಬರುತ್ತಿರಲಿಲ್ಲ, ಅಷ್ಟೇ.

ಇನ್ನು ಕರೆಂಟಿನ ಕಥೆಗೆ ಬರೋಣ. ನಂಜನಗೂಡನ್ನು ಹಾದು ಹೋಗೋ ಕಪಿಲೆ ತಿರುಮಕೂಡಲಿನಲ್ಲಿ, ಅಂದರೆ ಟಿ. ನರಸೀಪುರದಲ್ಲಿ, ಕಾವೇರಿಗೆ ಸೇರುತ್ತಾಳೆ. ಆ ನೀರು ಮುಂದೆ ಹೋಗಿ ಶಿವನಸಮುದ್ರದಲ್ಲಿ ಧುಮುಕುತ್ತೆ. ಅಲ್ಲಿ 1902ರಲ್ಲಿ ಮೈಸೂರು ಸರ್ಕಾರ ಜಲವಿದ್ಯುತ್ ಕೇಂದ್ರ ಶುರು ಮಾಡಿತು. ಆ ಕರೆಂಟು ಮೊದಲು ಹೋಗಿದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ಹಳ್ಳಿಗಳು ಕಾಯಬೇಕಾಯಿತು. ನಮ್ಮ ಕಡೆಯ ಹೊಳೆ ನೀರು ಗಣಿಗೆ ಕರೆಂಟ್ ಕೊಟ್ಟ ಎಷ್ಟೋ ವರ್ಷಗಳ ನಂತರವೂ, ಆ ಹೊಳೆಯ ದಡದ ಊರುಗಳಲ್ಲಿ ಸ್ನಾನದ ನೀರು ಗರಿಯಲ್ಲೇ ಕಾಯುತ್ತಿತ್ತು.

ಕರೆಂಟ್ ಅಂದರೆ ಆಗ ದೀಪ ಅಂತಲೇ ಅರ್ಥ. ಕರೆಂಟಿನಲ್ಲಿ ನೀರು ಕಾಯಿಸಬಹುದು ಅನ್ನೋ ಯೋಚನೆ ಮಧ್ಯಮ ವರ್ಗದ ಮನೆಗೆ ಬಂದಿದ್ದು ಮುಂದೆ, ವಿದ್ಯುತ್ ಮಂಡಳಿಯ ಕಾಲದಲ್ಲಿ. 1957ರಲ್ಲಿ ಮಂಡಳಿ ಆಯಿತು, ಅದೇ ನಮ್ಮ ಕೆಇಬಿ. 1960ರ ದಶಕದ ಮಧ್ಯದಲ್ಲಿ ಶರಾವತಿ ಯೋಜನೆಯ ಕರೆಂಟು ಬರತೊಡಗಿತು. ಆಗ ಒಂದು ಹೆಸರು ಚಾಲ್ತಿಯಲ್ಲಿತ್ತು: ಎಇಎಚ್. ಬಿಡಿಸಿ ಹೇಳಿದರೆ ಆಲ್ ಎಲೆಕ್ಟ್ರಿಕ್ ಹೋಮ್. ದೀಪ ಮಾತ್ರ ಅಲ್ಲ, ಒಲೆ, ಬಾಯ್ಲರ್ ಎಲ್ಲ ಕರೆಂಟಿನದ್ದೇ ಇರೋ ಮನೆ. ಬೆಂಗಳೂರು, ಮೈಸೂರಿನ ಹಳೇ ಮನೆಗಳಲ್ಲಿ ಹಿರಿಯರನ್ನು ಕೇಳಿ ನೋಡಿ, ‘ನಮ್ಮದು ಎಇಎಚ್ ಮೀಟರು’ ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಾರೆ. ದೀಪಕ್ಕೆ ಒಂದು ಲೆಕ್ಕ, ಶಾಖಕ್ಕೆ ಇನ್ನೊಂದು ಲೆಕ್ಕ ಅಂತ ಯೋಚನೆ ಮಾಡಿದ ಕಾಲ ಅದು.

ಆ ಕಾಲ ಬಹಳ ದಿನ ಉಳಿಯಲಿಲ್ಲ. ನಮ್ಮ ಕರೆಂಟ್ ಬಹುತೇಕ ಮಳೆ ನೀರನ್ನೇ ನಂಬಿತ್ತು. ಮಳೆ ಕೈ ಕೊಟ್ಟರೆ ಪವರ್ ಕಟ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅಲ್ಲಿ ಕಲ್ಲಿದ್ದಲು ಸುಟ್ಟು ನೀರು ಕಾಯಿಸಿ, ಹಬೆಯಿಂದ ಕರೆಂಟ್ ಮಾಡಿ, ಆ ಕರೆಂಟನ್ನು ತಂತಿಯಲ್ಲಿ ನೂರಾರು ಕಿಲೋಮೀಟರ್ ತಂದು, ಮತ್ತೆ ನೀರು ಕಾಯಿಸೋದು! ಈ ಸುತ್ತು ದಾರಿಯಲ್ಲಿ ಕಲ್ಲಿದ್ದಲಿನ ಶಾಖದ ಅರ್ಧಕ್ಕಿಂತ ಜಾಸ್ತಿ ಕಳೆದುಹೋಗುತ್ತೆ.

ಇದನ್ನು ಗಟ್ಟಿಯಾಗಿ ಕೇಳಿದವರು ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್. 1974ರಲ್ಲಿ ಅವರು ಅಲ್ಲಿ ‘ಅಸ್ತ್ರ’ ಅನ್ನೋ ವಿಭಾಗ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯೂ ಸೇರಿದಂತೆ ಕೆಲವು ಹಳ್ಳಿಗಳಲ್ಲಿ ಅವರ ತಂಡ ಮನೆ ಮನೆಗೆ ಹೋಗಿ ಲೆಕ್ಕ ತೆಗೆಯಿತು: ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ಹೊತ್ತು ತರೋಕೆ ಹೆಂಗಸರು, ಮಕ್ಕಳ ಎಷ್ಟು ಹೊತ್ತು ಹೋಗುತ್ತೆ. ಹಳ್ಳಿ ಬಳಸೋ ಶಕ್ತಿಯಲ್ಲಿ ಸಿಂಹಪಾಲು ಸೌದೆಯದ್ದು, ಕರೆಂಟಿನದ್ದು ಲೆಕ್ಕಕ್ಕೇ ಬಾರದಷ್ಟು ಅಂತ ಗೊತ್ತಾಯಿತು. ಸೌದೆ ಕಡಿಮೆ ತಿನ್ನೋ, ಹೊಗೆ ಕಡಿಮೆ ಮಾಡೋ ಅಸ್ತ್ರ ಒಲೆ ಹುಟ್ಟಿದ್ದು ಇದೇ ವಿಭಾಗದಲ್ಲಿ. 1991ರಲ್ಲಿ ರೆಡ್ಡಿ ಮತ್ತು ಸಂಗಡಿಗರು ಕರ್ನಾಟಕದ ಕರೆಂಟಿಗೆ ಬೇರೆಯೇ ಒಂದು ಯೋಜನೆ ಬರೆದರು. ಹೊಸ ಸ್ಥಾವರ ಕಟ್ಟುತ್ತಾ ಹೋಗೋ ಬದಲು ಬಳಕೆಯನ್ನೇ ಜಾಣತನದಿಂದ ಮಾಡೋಣ ಅನ್ನೋದು ಅದರ ತಿರುಳು. ಅದರಲ್ಲಿದ್ದ ಒಂದು ಸಲಹೆ, ಎಇಎಚ್ ಮನೆಗಳ ಬಾಯ್ಲರ್ ಜಾಗಕ್ಕೆ ಸೋಲಾರ್ ನೀರು ಬರಲಿ ಅನ್ನೋದು.

ಸೋಲಾರ್ ಬಂತು. ಸೋಲಾರ್ ವಾಟರ್ ಹೀಟರ್ ಇದ್ದ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಟ್ಟರು. 2007ರಲ್ಲಿ ನಗರಗಳಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಅದು ಕಡ್ಡಾಯ ಅಂತಲೂ ಆಯಿತು. ಬೆಂಗಳೂರಿನ ತಾರಸಿಗಳ ಮೇಲೆ ಸಾಲು ಸಾಲು ಸೋಲಾರ್ ಟ್ಯಾಂಕ್ ಕಾಣೋದಕ್ಕೆ ಇದೂ ಒಂದು ಕಾರಣ.

ಈಗ ಆ ಸಾಲಿಗೆ ಸೇರಿರೋದು ಹೀಟ್ ಪಂಪ್. ಇದು ಹೊಸದು ಅಂತ ಅನ್ನಿಸುತ್ತೆ. ಆದರೆ ಐಡಿಯಾ ಹಳೇದು. 1852ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದ ವಿಜ್ಞಾನಿ, ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಪಂಪ್ ಮಾಡಿ ಕಟ್ಟಡ ಬೆಚ್ಚಗಿಡಬಹುದು ಅಂತ ಬರೆದ. ಅದಾದ ಕೆಲವೇ ವರ್ಷಕ್ಕೆ ಆಸ್ಟ್ರಿಯಾದ ಎಬೆನ್ಸೇ ಅನ್ನೋ ಊರಿನಲ್ಲಿ, ಉಪ್ಪು ನೀರು ಕುದಿಸಿ ಉಪ್ಪು ತೆಗೆಯೋ ಕಾರ್ಖಾನೆಗೆ ಪೀಟರ್ ರಿಟ್ಟಿಂಗರ್ ಇದೇ ತತ್ವದ ಮಷೀನ್ ಮಾಡಿದ. ಅವನ ಉದ್ದೇಶ ಏನು ಗೊತ್ತಾ? ಸೌದೆ ಉಳಿಸೋದು. ಮಷೀನನ್ನು ತಿರುಗಿಸುತ್ತಿದ್ದಿದ್ದು ನೀರಿನ ಬಲ. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಟೌನ್ ಹಾಲ್‌ಗೆ ಹೀಟ್ ಪಂಪ್ ಬಂತು, ಪಕ್ಕದ ಹೊಳೆಯ ನೀರಿಂದ ಶಾಖ ಎಳೆದು ಕಟ್ಟಡ ಬೆಚ್ಚಗಿಡೋದಕ್ಕೆ. ಕಲ್ಲಿದ್ದಲನ್ನು ಹೊರಗಿನಿಂದ ತರಿಸಬೇಕಾದ ದೇಶ ಅದು. ಸೌದೆಯೋ ಕಲ್ಲಿದ್ದಲೋ ಕಷ್ಟವಾದಾಗ ಜನ ಈ ಮಷೀನಿನ ಕಡೆ ನೋಡಿದ್ದಾರೆ.

ಇದು ಕೆಲಸ ಮಾಡೋದು ಹೇಗೆ? ನಿಮ್ಮ ಮನೆ ಫ್ರಿಜ್ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಒಳಗಿನ ಶಾಖವನ್ನು ತೆಗೆದು ಹೊರಗೆ ಹಾಕುತ್ತಿರುತ್ತೆ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖ ತೆಗೆದು ನೀರಿಗೆ ಹಾಕುತ್ತೆ. ಗೀಸರ್ 1 ಯೂನಿಟ್ ಕರೆಂಟಿಗೆ 1 ಯೂನಿಟ್ ಶಾಖ ಕೊಟ್ಟರೆ, ಇದು ನಮ್ಮ ಹವಾಮಾನದಲ್ಲಿ ಸುಮಾರು 3 ಯೂನಿಟ್ ಶಾಖ ಕೊಡುತ್ತೆ. ಇದರಲ್ಲಿ ಮೋಸ ಏನೂ ಇಲ್ಲ. ಉಳಿದ 2 ಯೂನಿಟ್ ಗಾಳಿಯದ್ದು.

ಈಗ ಲೆಕ್ಕ. ಫೋನಿನ ಕ್ಯಾಲ್ಕುಲೇಟರ್ ತೆಗೆದು ನೀವೂ ಮಾಡಿ ನೋಡಬಹುದು. 20 ಲೀಟರ್‌ನ ಒಂದು ಬಕೆಟ್ ನೀರನ್ನು 24 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸೋಕೆ 0.37 ಯೂನಿಟ್ ಶಾಖ ಬೇಕು. ಐದು ಜನರ ಮನೆ, ಒಬ್ಬರಿಗೆ ಒಂದು ಬಕೆಟ್ ಅಂದರೆ ದಿನಕ್ಕೆ 1.9, ತಿಂಗಳಿಗೆ 56 ಯೂನಿಟ್. ಗೀಸರ್‌ನಲ್ಲಾದರೆ ಅಷ್ಟೂ ಕರೆಂಟು. ಹೀಟ್ ಪಂಪ್‌ನಲ್ಲಿ 19 ಯೂನಿಟ್.

ಆದರೆ ಹೊಸ ಮನೆಯಲ್ಲಿ ಬಕೆಟ್ ಎಲ್ಲಿದೆ? ಶವರ್ ಇದೆ. ಶವರ್ ಕೆಳಗೆ ನಿಂತರೆ 60 ಲೀಟರ್ ಆರಾಮಾಗಿ ಹೋಗುತ್ತೆ. ಅದೇ ಐದು ಜನಕ್ಕೆ ಈಗ ತಿಂಗಳಿಗೆ ಗೀಸರ್‌ನಲ್ಲಿ 167 ಯೂನಿಟ್, ಹೀಟ್ ಪಂಪ್‌ನಲ್ಲಿ 56. ಗಮನಿಸಿದಿರಾ? ಬಕೆಟ್ ಸ್ನಾನಕ್ಕೆ ಗೀಸರ್ ಎಷ್ಟು ಕರೆಂಟ್ ತಿನ್ನುತ್ತಿತ್ತೋ, ಶವರ್‌ಗೆ ಹೀಟ್ ಪಂಪ್ ಅಷ್ಟೇ ತಿನ್ನುತ್ತೆ. ಮಷೀನು ಉಳಿಸಿದ್ದನ್ನು ಶವರ್ ತಿಂದುಹಾಕಿತು.

ಇದರ ಮೇಲೆ ಗೃಹಜ್ಯೋತಿಯ ಲೆಕ್ಕ ಬರುತ್ತೆ. 2023ರ ಜುಲೈನಿಂದ ರಾಜ್ಯದಲ್ಲಿ ಮನೆ ಬಳಕೆಯ ಕರೆಂಟು 200 ಯೂನಿಟ್‌ವರೆಗೆ ಉಚಿತ ಅಂತ ನಾವು ಮಾತಿಗೆ ಹೇಳುತ್ತೀವಿ. ನಿಜವಾದ ನಿಯಮ ಬೇರೆ ಇದೆ. ಹಳೇ ಮನೆಗೆ 2022-23ರ ತಿಂಗಳ ಸರಾಸರಿ ಬಳಕೆ ಎಷ್ಟೋ, ಅದರ ಮೇಲೆ ಶೇ 10ರಷ್ಟು ಸೇರಿಸಿ ಉಚಿತ ಅಂತ 2023ರಲ್ಲಿ ಶುರು ಮಾಡಿದರು. ಹೊಸ ಮನೆಗೆ ಅಂಥ ಹಳೇ ಲೆಕ್ಕವೇ ಇಲ್ಲ. ಅದಕ್ಕೆ ರಾಜ್ಯದ ಸರಾಸರಿ 53 ಯೂನಿಟ್ ಅಂತ ಹಿಡಿದು, ಶೇ 10 ಸೇರಿಸಿ 58 ಯೂನಿಟ್ ಅಂತ ನಿಗದಿ ಮಾಡಿದರು. ಅದಕ್ಕಿಂತ ಜಾಸ್ತಿ ಬಳಸಿದರೆ ಜಾಸ್ತಿಯಾದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಅಷ್ಟೂ ಯೂನಿಟ್‌ಗೆ ದುಡ್ಡು.

ಫ್ರಿಜ್ಜು, ಫ್ಯಾನು, ಟಿವಿ, ನೀರೆತ್ತೋ ಮೋಟಾರು ಎಲ್ಲ ಸೇರಿ ತಿಂಗಳಿಗೆ 90 ಯೂನಿಟ್ ಅಂತ ಇಟ್ಟುಕೊಳ್ಳೋಣ. ಯೂನಿಟ್‌ಗೆ ಅಂದಾಜು 6 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಸದ್ಯಕ್ಕೆ ಪಕ್ಕಕ್ಕಿಡಿ. ಹೀಟ್ ಪಂಪ್ ಸರಿಯಾಗಿ ಓಡಿದರೆ ಒಟ್ಟು 146 ಯೂನಿಟ್, ಅದರಲ್ಲಿ 58 ಉಚಿತ, ಉಳಿದ 88ಕ್ಕೆ ಸುಮಾರು 530 ರೂಪಾಯಿ. ಹೀಟ್ ಪಂಪ್ ಗೀಸರ್ ಥರ ಓಡಿದರೆ 167ಕ್ಕೆ 90 ಸೇರಿ 257 ಯೂನಿಟ್. 200 ದಾಟಿತು, ಉಚಿತ ಹೋಯಿತು, ಸುಮಾರು 1,540 ರೂಪಾಯಿ. ಅದೇ ಮನೆ, ಅದೇ ಜನ, ಅದೇ ಸ್ನಾನ. ಬಿಲ್ ಮಾತ್ರ ಮೂರು ಪಟ್ಟು.

ಹೀಟ್ ಪಂಪ್ ಗೀಸರ್ ಥರ ಓಡೋದು ಹೇಗೆ ಅಂತೀರಾ? ಕಳಲೆಯಲ್ಲಿ ನಮ್ಮ ಚಿಕ್ಕಪ್ಪನ ಹೊಸ ಮನೆಯಲ್ಲಿ ಆಗಿದ್ದು ಅದೇ. ‘ಕರೆಂಟ್ ಉಳೀತದೆ ಅಂತಾನೆ ಹಾಕ್ಸಿದ್ದು ಕಣಪ್ಪ, ಈಗ ನೋಡು’ ಅಂತ ಬಿಲ್ ನನ್ನ ಕೈಗೆ ಕೊಟ್ಟರು. ಇಂಥ ಬಹಳಷ್ಟು ಮಷೀನುಗಳ ಟ್ಯಾಂಕಿನೊಳಗೆ ಒಂದು ಮಾಮೂಲಿ ಕಾಯಿಲೂ ಇರುತ್ತೆ, ಗೀಸರ್‌ನಲ್ಲಿರೋ ಥರದ್ದೇ. ತುರ್ತಿಗೆ ಅಂತ ಕೊಟ್ಟಿರೋದು. ಹೀಟ್ ಪಂಪ್ ನೀರು ಕಾಯಿಸೋದು ನಿಧಾನ, ಟ್ಯಾಂಕ್ ಪೂರ್ತಿ ಕಾಯೋಕೆ ಗಂಟೆಗಟ್ಟಲೆ ಬೇಕು. ‘ಹಾಕಿಕೊಟ್ಟೋರು ಈ ಬಟನ್ ಒತ್ತಿ ಹೋದ್ರು, ಬೇಗ ಕಾಯ್ತದೆ ಅಂದ್ರು’ ಅಂದರು ಚಿಕ್ಕಪ್ಪ. ಒತ್ತಿದ ಬಟನ್ ಒತ್ತಿದ ಹಾಗೇ ಇತ್ತು. ಗೃಹಪ್ರವೇಶದಿಂದ ಅಲ್ಲಿವರೆಗೂ ಮನೆಗೆ ಬಿಸಿ ನೀರು ಕೊಡುತ್ತಿದ್ದಿದ್ದು ಹೆಚ್ಚಾಗಿ ಆ ಕಾಯಿಲು.

ಅಜ್ಜಿ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ‘ಹಿತ್ತಲಲ್ಲಿ ಗರಿ ಬಿದ್ದು ಕೊಳೀತಾ ಅದೆ. ಇಲ್ಲಿ ನೀರ್ ಕಾಯ್ಸಕ್ಕೆ ಸಾವ್ರ ರೂಪಾಯಿ’ ಅಂದರು. ಚಿಕ್ಕಮ್ಮ ಒಳಗಿಂದಲೇ ಹೇಳಿದರು: ‘ಅತ್ತೆ, ಆ ಗರಿ ಎಳ್ಕಂಡ್ ಬರೋರು ಯಾರು?’ ಈ ಸಂಚಿಕೆ ಇರೋದೇ ಆ ಪ್ರಶ್ನೆಯ ಮೇಲೆ.

ಇನ್ನೊಂದು ವಿಷಯ ಪೈಪು. ಟ್ಯಾಂಕು ತಾರಸಿ ಮೇಲೆ, ಬಚ್ಚಲು ಕೆಳಗೆ. ನಡುವೆ 15 ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಅದರೊಳಗೆ ಸುಮಾರು 5 ಲೀಟರ್ ನೀರು ನಿಂತಿರುತ್ತೆ. ನಲ್ಲಿ ತಿರುಗಿಸಿದಾಗ ಮೊದಲು ಬರೋದು ಆ ತಣ್ಣೀರು. ನಿಲ್ಲಿಸಿದ ಮೇಲೆ ಪೈಪಲ್ಲಿ ಉಳಿದ ಬಿಸಿ ನೀರು ತಣ್ಣಗಾಗುತ್ತೆ. ಕೈ ತೊಳೆಯೋಕೆ, ಪಾತ್ರೆಗೆ ಅಂತ ದಿನಕ್ಕೆ ಹತ್ತು ಸಲ ಹೀಗಾದರೆ ಹತ್ತಿರ ಹತ್ತಿರ 50 ಲೀಟರ್ ಬಿಸಿ ನೀರು ಯಾರ ಮೈಗೂ ತಾಗದೆ ಹೋಯಿತು. 55 ಡಿಗ್ರಿಯ ನೀರಾದರೆ ಅದರಲ್ಲಿರೋ ಶಾಖ ಐದು ಜನರ ಬಕೆಟ್ ಸ್ನಾನಕ್ಕೆ ಬೇಕಾದಷ್ಟು ಇರುತ್ತೆ. ಹಂಡೆ ಒಲೆ ಬಚ್ಚಲಲ್ಲೇ ಇತ್ತು. ಒಲೆಗೂ ಚೆಂಬಿಗೂ ಮಧ್ಯೆ ಒಂದು ಮಾರು ದೂರ. ಅಜ್ಜಂದಿರು ಕಟ್ಟಿದ ಆ ಒಲೆಯಲ್ಲಿದ್ದ ಈ ಒಂದು ಗುಣವನ್ನು ಹೊಸ ಮನೆಯ ನಕ್ಷೆ ಬರೆಯೋರು ಕಲಿಯಬಹುದು.

ಈ ತಾಪತ್ರಯ ನಮ್ಮದು ಮಾತ್ರ ಅಲ್ಲ. ಬ್ರಿಟನ್‌ನಲ್ಲಿ ಹೊಸ ಮನೆಗಳಿಗೆ ಗ್ಯಾಸ್ ಬಾಯ್ಲರ್ ಬದಲು ಹೀಟ್ ಪಂಪ್ ಹಾಕುತ್ತಿದ್ದಾರೆ. ಅಲ್ಲೂ ಬಿಲ್ ಜಾಸ್ತಿ ಬಂತು ಅನ್ನೋ ದೂರು ಇದೆ. ಕಾರಣ ನೋಡಿ: ಅಲ್ಲಿ ಕರೆಂಟಿನ ದರ ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು. ಮಷೀನು ಒಂದಕ್ಕೆ ಮೂರು ಕೊಟ್ಟರೂ ದರ ನಾಲ್ಕು ಪಟ್ಟು ಇದ್ದರೆ ಗೆಲ್ಲೋದು ಹೇಗೆ? ಮಷೀನು ಎಷ್ಟೇ ಜಾಣ ಆಗಿರಲಿ, ಬಿಲ್ ಬರೆಯೋದು ದರಪಟ್ಟಿ.

ನಮ್ಮ ದರಪಟ್ಟಿಯಲ್ಲೂ ಇದೇ ಕಥೆ. 53 ಯೂನಿಟ್ ಅನ್ನೋ ಸರಾಸರಿ ಯಾರದ್ದು? ರಾಜ್ಯದ ಎಲ್ಲ ಮನೆಗಳದ್ದು. ಅದರಲ್ಲಿ ಸೌದೆಯಲ್ಲೇ ನೀರು ಕಾಯಿಸೋ ಲಕ್ಷಾಂತರ ಮನೆಗಳೂ ಸೇರಿವೆ. ಅಂದರೆ ಆ ಸರಾಸರಿಯೊಳಗೆ ದೀಪ, ಫ್ಯಾನು, ಟಿವಿಯ ಲೆಕ್ಕ ಇದೆ, ಬಿಸಿ ನೀರಿನ ಲೆಕ್ಕ ಕಡಿಮೆ. ಸೌದೆ ಬಿಟ್ಟು ಕರೆಂಟಿಗೆ ಬಂದ ಹೊಸ ಮನೆಗೆ ಅದೇ ಅಳತೆ ಹಾಕಿದರೆ, ಬಿಸಿ ನೀರು ಪೂರ್ತಿ ಅವರ ಜೇಬಿಗೆ ಬೀಳುತ್ತೆ. ಶವರ್‌ಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಬಿಲ್ ನೋಡಿ ಹೆದರಿದ ಮನೆ ಹಿತ್ತಲಲ್ಲಿ ಮತ್ತೆ ಒಲೆ ಹೂಡಿದರೆ, ಬೆಳಿಗ್ಗೆ ಎದ್ದು ಉರಿ ಹಚ್ಚೋದು ದರಪಟ್ಟಿ ಬರೆದವರಲ್ಲ. ಚಿಕ್ಕಮ್ಮ. ಎಇಎಚ್ ಕಾಲದಲ್ಲಿ ಶಾಖವನ್ನೇ ಬೇರೆಯಾಗಿ ಯೋಚಿಸಿದ್ದೆವು, ರೆಡ್ಡಿಯವರ ಕಾಲದಲ್ಲಿ ಸೌದೆ ಹೊರೋ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿದಿದ್ದೆವು. ಈಗ ಎರಡೂ ಇಲ್ಲ. ಮೀಟರಲ್ಲಿ ಓಡಿದ್ದಷ್ಟೇ ಲೆಕ್ಕ.

ದರಪಟ್ಟಿ ನಾಳೆಯೇ ಬದಲಾಗೋಲ್ಲ. ನಿಮ್ಮ ಮನೆಯಲ್ಲಿ ಹೀಟ್ ಪಂಪ್ ಇದ್ದರೆ ಇವತ್ತೇ ನೋಡಬೇಕಾದ್ದು ಇಷ್ಟು. ಮೊದಲು ಕಾಯಿಲ್ ಆಫ್ ಇದೆಯಾ ನೋಡಿ. ಟೈಮರ್ ಇದ್ದರೆ ಮಧ್ಯಾಹ್ನಕ್ಕೆ ಇಡಿ. ಗಾಳಿ ಬಿಸಿ ಇದ್ದಷ್ಟೂ ಮಷೀನಿಗೆ ಕೆಲಸ ಸುಲಭ, ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ಓಡಿಸೋದು ದಂಡ. ನೀರು 60 ಡಿಗ್ರಿ ದಾಟಿಸಬೇಡಿ. ಕಾವು ಏರಿದಷ್ಟೂ ಒಂದಕ್ಕೆ ಮೂರು ಅನ್ನೋದು ಕಡಿಮೆ ಆಗುತ್ತಾ ಹೋಗುತ್ತೆ. ಬಿಸಿ ನೀರಿನ ಪೈಪಿಗೆ ಮೇಲುಹೊದಿಕೆ ಹಾಕಿಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಳಗೆ ಬಿಳಿ ಪುಡಿ ಕಟ್ಟಿಕೊಳ್ಳುತ್ತೆ, ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಮತ್ತೆ, ಮನೆ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಮೀಟರೇ ಇನ್ನೂ ಇದೆಯಾ ಅಂತ ಬಿಲ್ ಮೇಲೆ ನೋಡಿ. ಅದರ ದರ ಮನೆ ಬಳಕೆಯ ದರಕ್ಕಿಂತ ಜಾಸ್ತಿ. ಇದ್ದರೆ ಬಿಲ್ ಹಿಡಿದುಕೊಂಡು ಸೆಸ್ಕ್ ಕಚೇರಿಗೆ ಹೋಗಿ ಬದಲಾಯಿಸಿಕೊಳ್ಳಿ.

ಇನ್ನೂ ಕಟ್ಟಿಸುತ್ತಿರೋರು ಸೋಲಾರ್ ಬೆಲೆಯನ್ನೂ ಒಮ್ಮೆ ವಿಚಾರಿಸಿ. ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ, ಬಿಸಿಲಿಗೆ ಮೀಟರೂ ಇಲ್ಲ. ಯಾವುದನ್ನೇ ಹಾಕಿಸಿ, ಟ್ಯಾಂಕನ್ನು ಬಚ್ಚಲಿಗೆ ಹತ್ತಿರ ಇಡಿ ಅಂತ ಮೇಸ್ತ್ರಿಗೆ ಈಗಲೇ ಹೇಳಿ. ಗೋಡೆ ಎದ್ದ ಮೇಲೆ ಹೇಳಿ ಪ್ರಯೋಜನ ಇಲ್ಲ.

ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ಹಂಡೆ ಒಲೆಗೆ ದಿನಾ ಬೆಳಿಗ್ಗೆ ಉರಿ ಹಚ್ಚುತ್ತಿದ್ದಿದ್ದು ಯಾರು, ಎಷ್ಟು ಗಂಟೆಗೆ ಏಳುತ್ತಿದ್ದರು? ಉತ್ತರವನ್ನು ವಾಯ್ಸ್ ನೋಟ್ ಮಾಡಿ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.